ಈರಪ್ಪನ ಪಂಪಿನ ಎಣ್ಣೆ

"ನನ್ನ ಪಂಪಿನ ಮುಂದಿಂದ ಹಾರ್ನ್ ಹೊಡಕೋತ ಹಾದು, ಹುಬ್ಬಳ್ಳಿಗಿ ಹೋಗಿ ಎಣ್ಣಿ ತುಂಬಿಸ್ಕೊಂಡ ಬರ್ತೀರಲ್ಲ ಮಾಮಾ, ನಾಚಿಕಿ ಅನ್ನೂದು ಐತೋ ಇಲ್ಲೋ ನಿಮಗ?"

"ಲೇ ಈರ್ಯಾ, ದನಿ ಇಳಸು. ಮಂದಿ ನೋಡಾಕತ್ತಾರ."

"ನೋಡ್ಲಿ. ನೋಡ್ಲಿ ಅಂತನ ಒದರಾಕತ್ತೀನಿ. ಸ್ವಂತ ಅಕ್ಕನ ಗಂಡನ ಕಾರಿಗೇ ಇವನ ಎಣ್ಣಿ ನಡಿಯಂಗಿಲ್ಲ ಅಂದಮ್ಯಾಲೆ, ನಾಳಿ ಯಾವ ಮಗಾ ಇಲ್ಲಿ ಬಂದು ನಿಂದರತಾನ?"

ಶಂಕ್ರಪ್ಪ ಹೊಸ ಕಾರಿನ ಬಾಗಿಲನ್ನು ಧಡಾರನೆ ಹಾಕಿದ. ಹಾಕಿದ ಮರುಕ್ಷಣವೇ ಏನಾದರೂ ಆಯಿತೋ ಎಂದು ಅಂಗೈಯಿಂದ ಸವರಿ ನೋಡಿದ. ಕಾರು ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ಹೆಸರು ಹಚ್ಚಿ ಎರಡೂವರೆ ವರ್ಷ ಕಾದ ಮೇಲೆ ಬಂದ ಸಣ್ಣ ಬಿಳಿ ಕಾರು. ಕುಬಿಹಾಳದಲ್ಲಿ ಅದೇ ಮೊದಲನೆಯದು. ಎರಡು ವರ್ಷ ಮೆಣಸಿನಕಾಯಿ ಕೈಹಿಡಿದಿತ್ತು. ಇಲ್ಲದಿದ್ದರೆ ಶಂಕ್ರಪ್ಪನಂಥವನು ಕಾರಿನ ಮಾತೆತ್ತುವ ಆಸಾಮಿಯಲ್ಲ.

ಈರಪ್ಪ ಶಂಕ್ರಪ್ಪನ ಹೆಂಡತಿ ರೇವವ್ವನ ಬೆನ್ನಿಗೆ ಬಿದ್ದ ತಮ್ಮ. ಅಪ್ಪನಿಂದ ಪಾಲಿಗೆ ಬಂದ ಹೊಲವನ್ನು ಮಾರಿ, ಕುಬಿಹಾಳದ ಹಾದಿ ಡಾಂಬರು ರಸ್ತೆಯನ್ನು ಕೂಡುವಲ್ಲಿ ಪಂಪು ಹಾಕಿದ್ದ. ಒಂದು ಡೀಸೆಲ್ಲಿನದು, ಒಂದು ಪೆಟ್ರೋಲಿನದು. ಹುಬ್ಬಳ್ಳಿಗೆ ಹೋಗುವವರೂ ಗುಡಗೇರಿ ಸಂತೆಗೆ ಹೋಗುವವರೂ ಅದರ ಮುಂದೆಯೇ ಹಾಯಬೇಕು. ಈಗಲೂ ಒಂದು ಟೆಂಪೋ, ಎರಡು ಫಟಫಟಿ ಎಣ್ಣೆಗಾಗಿ ನಿಂತಿದ್ದವು. ಅವುಗಳ ಮಾಲೀಕರು ಎಣ್ಣೆಯನ್ನು ಮರೆತು, ಆಟ ನೋಡುವವರ ಹಾಗೆ ಕಿವಿ ನಿಮಿರಿಸಿಕೊಂಡು ನಿಂತಿದ್ದರು.

"ಆ ಕಾರಿಗಿ ಬ್ಯಾರೆ ನಂಬರಿನ ಎಣ್ಣಿ ಬೇಕಲೇ," ಎಂದ ಶಂಕ್ರಪ್ಪ. "ತೊಂಬತ್ಮೂರು ನಂಬರಂತ. ಗಾಡಿ ಕೂಡ ಒಂದು ಪುಸ್ತಕ ಕೊಟ್ಟಾರ, ಅದರಾಗ ಬರದೈತಿ. ವೆಂಕಣ್ಣ ಮಾಸ್ತರ ಇಂಗ್ಲೀಷ್ ಓದಿ ಹೇಳ್ಯಾರ. ನಿನ್ನ ಕಡೆ ಬರೇ ಸಾದಾ ಐತಿ. ನಾ ಏನ್ ಮಾಡ್ಲಿ?"

"ಪುಸ್ತಕದಾಗ ಬರೀತಾರ ಬಿಡ್ರಿ. ಎರಿ ಹೊಲಕ್ಕ ಸರಕಾರಿ ಗೊಬ್ಬರ ಎಷ್ಟ ಹಾಕಬೇಕು ಅಂತಾನೂ ಪುಸ್ತಕದಾಗ ಬರದಾರ. ನೀವು ಎಂದರ ಅಷ್ಟ ಹಾಕೀರೇನು?"

ಕೃಷಿ ಇಲಾಖೆಯ ಪುಸ್ತಕಗಳನ್ನು ಶಂಕ್ರಪ್ಪನಷ್ಟು ಬೈದವರು ಆ ತಾಲೂಕಿನಲ್ಲೇ ಇರಲಿಲ್ಲ.

"ಪೆಟ್ರೋಲ ಅಂದ್ರ ಪೆಟ್ರೋಲ," ಎಂದು ಈರಪ್ಪ ಮುಂದುವರಿಸಿದ. "ಜೀಪ ಕುಡೀತಾವ, ಫಟಫಟಿ ಕುಡೀತಾವ, ಹುಬ್ಬಳ್ಳಿ ಸಾವಕಾರ್ರ ದೊಡ್ಡ ಕಾರ ಕುಡೀತಾವ. ನಿಮ್ಮ ಈ ಮೊಲದ ಮರಿಗಿ ಅಷ್ಟ ಅಪಥ್ಯ ಆಗ್ತೈತೇನು?"

ಫಟಫಟಿಯವರು ಕಿಸಕ್ಕನೆ ನಕ್ಕರು. ಈರಪ್ಪ ಮಾತ್ರ ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದ.

"ಮಾಮಾ, ಖರೇ ಹೇಳ್ತೀನಿ ಕೇಳ್ರಿ. ಟೆಂಪೋದವ್ರು ಆಡಾಕತ್ತಾರ. ಈರಪ್ಪ ಪೆಟ್ರೋಲದಾಗ ಸೀಮಿಎಣ್ಣಿ ಕೂಡಸ್ತಾನ, ಅದು ಗೊತ್ತಿದ್ದ ಅವನ ಮಾಮಾ ಹುಬ್ಬಳ್ಳಿಗಿ ಹೋಗ್ತಾನ ಅಂತ. ಹೊಲಾ ಮಾರಿ ಹಾಕಿದ ಪಂಪು ಇದು. ಎಣ್ಣಿ ಮಾರಾಂವಗ ಹೆಸರೊಂದ ಬಂಡವಾಳ. ಅದ ಹೋದ್ರ ನಾ ಏನ್ ಮಾರ್ಲಿ, ಪೈಪ ಮಾರ್ಲ್ಯಾ?"

ಮಾತು ನಾಟಿದಾಗ ಶಂಕ್ರಪ್ಪ ಇನ್ನೂ ಜೋರಾಗಿ ಬೈಯುವ ಜಾತಿ. "ಹಾಕಲೇ, ಐದು ಲೀಟರ್ ಹಾಕು! ಹೆಣಮಕ್ಕಳ ಹಂಗ ಅಳಬ್ಯಾಡ," ಎಂದು ಒದರಿದ. ಈರಪ್ಪ ಆಳಿನ ಕೈಯಿಂದ ಪೈಪು ಕಿತ್ತುಕೊಂಡು ತಾನೇ ಹಾಕಿದ. ಹಾಕುತ್ತ ಟೆಂಪೋದವನ ಕಡೆ ತಿರುಗಿ, "ನೋಡಿದ್ಯಿಲ್ಲೋ?" ಎಂದ.

ಒಂದು ವಾರದಲ್ಲಿ ಕಾರು ಬಡಿಯತೊಡಗಿತು. ವೇಗ ಹೆಚ್ಚಿಸಲು ಕಾಲು ಒತ್ತಿದರೆ ಸಾಕು, ಡಬ್ಬಿಯಲ್ಲಿ ನಾಲ್ಕು ಹುಣಸೆಬೀಜ ಹಾಕಿ ಅಲ್ಲಾಡಿಸಿದಂತೆ ಎಂಜಿನ್ನಿನ ಒಳಗಿಂದ ಟಕಟಕ ಸಪ್ಪಳ. ಶಂಕ್ರಪ್ಪ ಹುಬ್ಬಳ್ಳಿಗೆ ಹೋಗಿ ಬಾಬಾಸಾಬ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಬಾಬಾಸಾಬ ಅವನ ಟ್ರ್ಯಾಕ್ಟರನ್ನು ಹತ್ತು ವರ್ಷದಿಂದ ನೋಡಿಕೊಂಡು ಬಂದವನು. ಬಾನೆಟ್ಟು ತೆಗೆಯುವ ಮೊದಲೇ, ಎಂಜಿನ್ನಿನ ಸಪ್ಪಳ ಕೇಳಿ ತಲೆ ಅಲ್ಲಾಡಿಸಿದ.

"ಸಾದಾ ಎಣ್ಣಿ ಹಾಕೀರೇನ್ರಿ?"

"ಹಾಕಿದ್ರ ಏನಾತು?"

"ಈ ಎಂಜಿನ್ ಬಿಗಿ ಐತ್ರಿ. ಸಾದಾ ಎಣ್ಣಿ ಇದರಾಗ ಹೊತ್ತಿಗಿ ಮೊದಲ ಹತ್ತತೈತಿ. ಪಿಸ್ಟನ್ ಇನ್ನೂ ಮ್ಯಾಲೆ ಬರಾಕತ್ತಿರ್ತೈತಿ, ಇದು ಮ್ಯಾಲಿಂದ ಹೊಡೀತೈತಿ. ಅದ ಈ ಸಪ್ಪಳ. ಎರಡರಾಗ ಒಂದು ಮಾಡ್ರಿ. ತೊಂಬತ್ಮೂರ ಹಾಕ್ರಿ. ಇಲ್ಲಾ ಸಾದಾನ ಹಾಕೂದು ಅಂದ್ರ ಗಾಡಿ ಇಲ್ಲೇ ಬಿಡ್ರಿ, ಕಿಡಿ ಹಾರೂ ಟೈಮಿಂಗ ಹಿಂದ ತಿರುಗಿಸಿ ಕೊಡ್ತೀನಿ. ಎಳತ ಕಮ್ಮಿ ಆಗ್ತೈತಿ, ಖರೆ ಎಂಜಿನ್ ಉಳೀತೈತಿ."

"ತಿಂಗಳ ತುಂಬದ ಗಾಡಿಗಿ ಪಾನಾ ಹಚ್ಚಿ ನಟ್ಟು ಬಿಚ್ಚತೀ? ಕೈಯಾಗ ಕೆಲಸ ಇಲ್ಲೇನು ನಿನಗ?"

"ನಿಮ್ಮ ಗಾಡಿ, ನಿಮ್ಮ ಮರ್ಜಿ," ಎಂದು ಬಾಬಾಸಾಬ ಬಾನೆಟ್ಟು ಮುಚ್ಚಿದ.

ಶಂಕ್ರಪ್ಪ ಅಲ್ಲಿಂದ ಗೊಣಗುತ್ತಲೇ ಮನೆಗೆ ಬಂದ. ತೊಂಬತ್ಮೂರು ಹಾಕಿದರೆ ಈರಪ್ಪನ ಪಂಪಿನ ಹೆಸರು ಕೆಡುತ್ತದೆ, ಹೆಂಡತಿಯ ಮೋರೆ ಊದಿಕೊಳ್ಳುತ್ತದೆ. ಸಾದಾ ಹಾಕಿದರೆ ಕಾರು ಕೆಡುತ್ತದೆ. ಟೈಮಿಂಗು ಗೀಮಿಂಗು ಅವನಿಗೆ ಸೇರದ ಮಾತು. ಅಂಗಿ ಕಳಚಿ ದನದ ಕೊಟ್ಟಿಗೆಗೆ ಹೋದ. ಸಿಟ್ಟು ಬಂದಾಗಲೆಲ್ಲ ಅವನು ಹೋಗುವುದು ಅಲ್ಲಿಗೇ.

ಎತ್ತಿನ ವಿಷಯದಲ್ಲಿ ಶಂಕ್ರಪ್ಪನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಸಾಲಿಯಲ್ಲಿ ಅವನು ಓದಿದ್ದು ಏಳನೆಯ ಇಯತ್ತೆಯವರೆಗೆ. ಆದರೆ ಎತ್ತಿನ ಹಲ್ಲು, ಸುಳಿ, ಗೊರಸು, ನಡಿಗೆ ಇವೆಲ್ಲ ಅವನಿಗೆ ಬಾಯಿಪಾಠ. ಸಂತೆಗೆ ಹೋಗುವ ಮೊದಲು, ಹೋಗಿ ಬಂದ ಮೇಲೆ, ಜನ ಎತ್ತು ಹೊಡೆದುಕೊಂಡು ಅವನ ಮನೆಗೆ ಬರುತ್ತಿದ್ದರು. ಅವನು ಬಾಲ ಹಿಡಿದು, ಬಾಯಿ ತೆರೆದು ನೋಡಿ ಒಂದು ಮಾತು ಹೇಳಿದರೆ ಅದಕ್ಕೆ ಎದುರು ಮಾತಿಲ್ಲ. ಮನೆಯಲ್ಲಿ ಏನಿದ್ದರೂ ಇರದಿದ್ದರೂ ಈ ಮಾನ ಅವನಿಗಿತ್ತು.

ಆ ಸಂಜೆ ಗೋದಲಿಯ ಮುಂದೆ ನಿಂತಿದ್ದಾಗ ಬಲಗಡೆಯ ಎತ್ತು ಜೋಳದ ಕಣಿಕೆಯನ್ನು ಕಟಕಟ ಕಡಿಯುತ್ತಿತ್ತು. ಹಿಂದಿನ ವರ್ಷ ಕಲಘಟಗಿ ಕಡೆಯಿಂದ ತಂದ ಎತ್ತು ಅದು. ಆ ಸೀಮೆಯಲ್ಲಿ ಭತ್ತದ ಹುಲ್ಲು ತಿಂದು ಬೆಳೆದದ್ದು. ತಂದ ಹೊಸದರಲ್ಲಿ ಕಣಿಕೆ ಹಾಕಿದರೆ ಮೂಸಿ ನೋಡಿ ಮೋರೆ ತಿರುಗಿಸಿತ್ತು, ಎರಡು ದಿನ ಹೊಟ್ಟೆ ಉಬ್ಬಿ ನಿಂತಿತ್ತು. ಶಂಕ್ರಪ್ಪ ಒಂದು ಗಾಡಿ ಭತ್ತದ ಹುಲ್ಲು ತರಿಸಿದ್ದ. ಮೊದಲ ವಾರ ಮೂರು ಪಾಲು ಹುಲ್ಲು, ಒಂದು ಪಾಲು ಕಣಿಕೆ. ಎರಡನೆಯ ವಾರ ಅರ್ಧಕ್ಕರ್ಧ. ಮೂರನೆಯ ವಾರ ಒಂದು ಪಾಲು ಹುಲ್ಲು, ಮೂರು ಪಾಲು ಕಣಿಕೆ. ತಿಂಗಳು ತುಂಬುವುದರೊಳಗೆ ಅದು ಈ ಸೀಮೆಯ ಎತ್ತೇ ಆಗಿಹೋಗಿತ್ತು.

ಶಂಕ್ರಪ್ಪ ಕಣಿಕೆಯ ಸಿವುಡನ್ನು ಕೆಳಗಿಟ್ಟ. ಕೊಟ್ಟಿಗೆಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಕಾರನ್ನು ನೋಡಿದ. ಮತ್ತೆ ಎತ್ತನ್ನು ನೋಡಿದ.

"ರೇವವ್ವಾ!" ಎಂದು ಕೂಗಿದ. "ಆ ದೊಡ್ಡ ಡಬ್ಬಿ ಎಲ್ಲೈತಿ?"

ಮರುದಿನವೇ ಹುಬ್ಬಳ್ಳಿಯಿಂದ ಎರಡು ಡಬ್ಬಿ ತೊಂಬತ್ಮೂರು ನಂಬರಿನ ಪೆಟ್ರೋಲು ಬಂತು. ಕೊಟ್ಟಿಗೆಯ ಹಿಂದಿನ ಖೋಲಿಯಲ್ಲಿ ಅವನ್ನಿಟ್ಟು, ಕಂದೀಲು ಹಿಡಿದು ಯಾರೂ ಆ ಕಡೆ ಸುಳಿಯಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ. ಹಗಲು ಈರಪ್ಪನ ಪಂಪಿನಲ್ಲಿ ನಾಲ್ಕು ಮಂದಿಯ ಎದುರು ಎರಡು ಲೀಟರು ಹಾಕಿಸಿಕೊಳ್ಳುವನು. ಮನೆಗೆ ಬಂದು ಆರು ಲೀಟರು ಹುಬ್ಬಳ್ಳಿಯದನ್ನು ತಾನೇ ಸುರಿಯುವನು. ಸುರಿದ ಮೇಲೆ ಎರಡೂ ಬೆರೆಯಲೆಂದು ಕಾರನ್ನು ಹಿಂದೆ ಮುಂದೆ ನೂಕಿ ಅಲ್ಲಾಡಿಸುವನು.

ರೇವವ್ವ ಕಸಬರಿಗೆ ಹಿಡಿದು ನೋಡುತ್ತ ನಿಂತಳು.

"ಎತ್ತಿಗಿ ಹೊಟ್ಟಿ ಐತಿ, ರೂಢಿ ಮಾಡ್ಕೊಂತು. ಇದಕ್ಕೇನೈತ್ರಿ?"

"ಟಾಕಿ ಐತಿ."

"ಟಾಕಿ ರೂಢಿ ಮಾಡ್ಕೊಂತೈತೇನ್ರಿ?"

"ಎಂಜಿನ್ ಮಾಡ್ಕೊಂತೈತಿ. ನಿನಗೇನ ತಿಳೀತೈತಿ ಸುಮ್ಮನಿರು. ನಿನ್ನ ತಮ್ಮನ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತೀನಿ, ಮ್ಯಾಲ ನನಗ ಕೇಳ್ತಾಳ."

"ಈರಗ ಹೇಳೀರೇನು, ಹಿಂಗ ಕೂಡಸಾಕತ್ತೀನಿ ಅಂತ?"

"ಈಗ ಯಾಕ? ಪೂರಾ ರೂಢಿ ಆಗ್ಲಿ. ಒಂದ ವರ್ಷ ಓಡ್ಲಿ. ಆಮ್ಯಾಲ ಮಂದ್ಯಾಗ ಕುಂತು ಹೇಳ್ತೀನಿ. ಆ ಬಾಬಾಸಾಬನೂ ಬಂದು ಕಲೀಲಿ."

ಎರಡನೆಯ ವಾರ ನಾಲ್ಕಕ್ಕೆ ನಾಲ್ಕು. ಮೂರನೆಯ ವಾರ ಈರಪ್ಪನದು ಆರು, ಹುಬ್ಬಳ್ಳಿಯದು ಎರಡು. ಕುಬಿಹಾಳದ ಸುತ್ತ ನೆಲವೆಲ್ಲ ರೊಟ್ಟಿ ಬಡಿದಂತೆ ಸಪಾಟು. ಅದರ ಮೇಲೆ ಒಬ್ಬನೇ ಕೂತು ಸಾವಕಾಶವಾಗಿ ಓಡಿಸಿದರೆ ಸಪ್ಪಳ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಶಂಕ್ರಪ್ಪನ ಕಿವಿಗೆ ಅದು ಹೊಸ ಎತ್ತು ನೊಗಕ್ಕೆ ಹೆಗಲು ಕೊಟ್ಟಾಗ ಮುಕ್ಕರಿಯುವ ದನಿಯಂತೆ ಕೇಳಿಸುತ್ತಿತ್ತು. ನಾಲ್ಕನೆಯ ವಾರ ಹುಬ್ಬಳ್ಳಿಯ ಡಬ್ಬಿಗಳನ್ನು ಮೂಲೆಗೆ ಸರಿಸಿದ. ಪಂಪಿನ ಮುಂದೆ ನಿಂತು, ರಸ್ತೆಯ ಆಚೆಗೂ ಕೇಳುವಂತೆ, "ಈರ್ಯಾ, ಟಾಕಿ ತುಂಬಿಸು!" ಎಂದ.

ಈರಪ್ಪನ ಮೋರೆ ಅಂದು ನೋಡುವಂತಿತ್ತು. ಪಂಪು ಹಾಕಿದ ಮೂರು ವರ್ಷದಲ್ಲಿ ಮೊದಲ ಸಲ ಪಂಪಿನ ಆಳುಗಳಿಗೆ ಚುರುಮುರಿ ಮಿರ್ಚಿ ತರಿಸಿದ. ಬಂದವರಿಗೆಲ್ಲ ಅದೇ ಮಾತು. "ನಮ್ಮ ಮಾಮಾನ ಹೊಸಾ ಕಾರ ನೋಡೀರಿಲ್ಲೋ? ನಮ್ಮದ ಎಣ್ಣಿ. ಅಗದಿ ಮಸ್ತ ಓಡಾಕತ್ತೈತಿ. ತೊಂಬತ್ಮೂರು ಅಂತ, ತೊಂಬತ್ನಾಕು ಅಂತ! ರೊಕ್ಕ ಹೆಚ್ಚಾದವರ ಆಟ ಅವು." ಟೆಂಪೋದವರು ಸೀಮೆಎಣ್ಣೆಯ ಮಾತು ಬಿಟ್ಟರು. ಎಣ್ಣೆಗೆ ಹುಬ್ಬಳ್ಳಿಯವರೆಗೆ ಕಾಯುತ್ತಿದ್ದ ಇಬ್ಬರು ವಕೀಲರೂ ಇಲ್ಲಿಯೇ ನಿಲ್ಲತೊಡಗಿದರು.

ಶಂಕ್ರಪ್ಪ ಅದನ್ನು ಕೇಳಿಸಿಕೊಂಡು ಮೀಸೆಯ ಕೆಳಗೆ ನಕ್ಕ. ಹೇಳಬೇಕೆಂದು ನಾಲಿಗೆ ತುರಿಸಿತು. ತಡೆದುಕೊಂಡ.

ಹಿರಿಯ ಮಗಳು ಗುರವ್ವ ಅಣ್ಣಿಗೇರಿಯಿಂದ ಹೆರಿಗೆಗೆ ಬಂದವಳು ಗಂಡು ಹಡೆದಿದ್ದಳು. ತೊಟ್ಟಿಲು ತವರಿನದು, ಅದೂ ತೊಟ್ಟಿಲಿಗೆ ಹೆಸರಾದ ಕಲಘಟಗಿಯದೇ ಆಗಬೇಕು. ಶಂಕ್ರಪ್ಪ ರೇವವ್ವ ಇಬ್ಬರೂ ಕಾರಿನಲ್ಲಿ ಹೋದರು. ಜೊತೆಗೆ ಓಣಿಯ ಮೂವರು ಹೆಂಗಸರು, ಹೊಸ ಕಾರಿನಲ್ಲಿ ಕೂತು ನೋಡಬೇಕೆಂದವರು. ಕೆಂಪು ಹಸಿರು ಬಣ್ಣದ ತೊಟ್ಟಿಲನ್ನು ಕಾರಿನ ನೆತ್ತಿಯ ಮೇಲೆ ಹಗ್ಗ ಬಿಗಿದು ಕಟ್ಟಿ ಮಧ್ಯಾಹ್ನದ ಬಿಸಿಲಿನಲ್ಲಿ ಹುಬ್ಬಳ್ಳಿಯ ಕಡೆ ಹೊರಟರು.

ಕಲಘಟಗಿ ಬಿಟ್ಟು ಮೊದಲ ಏರು ಹತ್ತುತ್ತಲೇ ಕಾರು ಬಡಿಯಿತು. ಹುಣಸೆಬೀಜದ ಸಪ್ಪಳವಲ್ಲ ಈಗ, ಕಂಬಾರನ ಸಾಲೆಯ ಸಪ್ಪಳ.

"ಏನ್ರೀ ಅದು? ಒಳಗ ಯಾರೋ ಕುಟ್ಟಾಕತ್ತಾರ," ಎಂದಳು ರೇವವ್ವ.

"ಏರ ಐತಿ. ಒತ್ತಿ ಎಳ್ಯಾಕತ್ತೈತಿ."

"ಸ್ವಲ್ಪ ನಿಂದರಸ್ರಿ. ನಾವು ಇಳದು ನಡೀತೀವಿ."

"ಏರಿನ್ಯಾಗ ನಿಂದರಸಿದ್ರ ಎತ್ತು ಮೊಂಡ ಬೀಳ್ತೈತಿ. ಕುಂದರು!"

ಎರಡನೆಯ ಏರು ದಾಟುವುದರೊಳಗೆ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಬಡಿತ ಒಮ್ಮೆಲೇ ನಿಂತಿತು. ಬಡಿತದ ಜೊತೆಗೆ ಕಾರೂ ನಿಂತಿತು. ಕಬ್ಬು ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹುಬ್ಬಳ್ಳಿಯವರೆಗೆ ಎಳೆಸಿಕೊಂಡು ಬಂದರು. ಓಣಿಯ ಹೆಂಗಸರು ಬಸ್ಸು ಹತ್ತಿ ಹೋದರು. ದಾರಿಯುದ್ದಕ್ಕೂ ಜನ ಕಾರಿನ ಮೇಲಿನ ತೊಟ್ಟಿಲನ್ನೂ ಅದನ್ನು ಎಳೆಯುವ ಟ್ರ್ಯಾಕ್ಟರನ್ನೂ ನೋಡಿ ನಕ್ಕರು. ಶಂಕ್ರಪ್ಪ ಸ್ಟಿಯರಿಂಗ್ ಹಿಡಿದು ಒಬ್ಬೊಬ್ಬರನ್ನೂ ಕಣ್ಣಿನಲ್ಲೇ ಬೈಯುತ್ತ ಕೂತಿದ್ದ.

ಮರುದಿನ ಬಾಬಾಸಾಬ ಎಂಜಿನ್ನಿನ ತಲೆ ಬಿಚ್ಚಿ ತೋರಿಸಿದ. ಗ್ಯಾಸ್ಕೆಟ್ಟು ಸುಟ್ಟು ಹೋಗಿತ್ತು. ಒಂದು ಪಿಸ್ಟನ್ನಿನ ಅಂಚನ್ನು ಇಲಿ ತಿಂದ ಹಾಗೆ ಏನೋ ತಿಂದಿತ್ತು.

"ಹೇಳಿದ್ನಿಲ್ರೀ ನಾನು?"

"ನೀ ಹೇಳಿದ್ದು ಬ್ಯಾರೆ, ನಾ ಮಾಡಿದ್ದು ಬ್ಯಾರೆ," ಎಂದು ಶಂಕ್ರಪ್ಪ ಏರುದನಿಯಲ್ಲಿ ಶುರು ಮಾಡಿದ. "ನಾ ಏನು ಒಮ್ಮೆಲೇ ಸಾದಾ ಹಾಕೀನೇನು? ರೂಢಿ ಮಾಡಸೀನಿ. ಮೊದಲ ವಾರ ಮೂರಕ್ಕ ಒಂದು. ಎರಡನೇ ವಾರ ಅರ್ಧಕ್ಕರ್ಧ. ಹುಲ್ಲಿಂದ ಕಣಿಕಿಗಿ ತರೂ ಹಂಗ, ಹಂತಾ ಹಂತಾ ತಂದೀನಿ. ಅಂಥಾ ಮಲ್ನಾಡ ಎತ್ತು ರೂಢಿ ಆಗ್ತೈತಿ. ಇದಕ್ಕ ಏನ ಧಾಡಿ?"

ಬಾಬಾಸಾಬ ಒಂದು ಗಳಿಗೆ ಅವನ ಮೋರೆಯನ್ನೇ ನೋಡಿದ. ಆಮೇಲೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ ನಗತೊಡಗಿದ. ಕೆಟ್ಟ ಮನಸ್ಸಿನ ನಗುವಲ್ಲ. ತಡೆಯಲು ಬಾರದ ನಗು. ಗ್ಯಾರೇಜಿನ ಮತ್ತಿಬ್ಬರು ಮಿಸ್ತ್ರಿಗಳು ಬಂದು, "ಏನಾತು ಚಾಚಾ?" ಎಂದು ಕೇಳಿದರು. ಬಾಬಾಸಾಬ ಹೇಳಿದ. ಅವರೂ ನಕ್ಕರು. ಒಬ್ಬ, "ಮುಂದಿನ ಸಲ ಹಿಂಡಿನೂ ಹಾಕ್ರಿ ಸಾವಕಾರ್ರ," ಎಂದ.

ಶಂಕ್ರಪ್ಪ ಐವತ್ತು ವರ್ಷ ಬದುಕಿದ್ದ. ಎತ್ತಿನ ಮಾತಿಗೆ ಅವನ ಎದುರು ಯಾರೂ ನಕ್ಕಿರಲಿಲ್ಲ.

ಬಸ್ಸಿನಲ್ಲಿ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಕಾರಿಗೆ ಏನಾಯಿತು? ಶಂಕ್ರಪ್ಪ ಚಪ್ಪಲಿ ಬಿಡುತ್ತ, ಯಾರ ಮೋರೆಯನ್ನೂ ನೋಡದೆ, "ಎಣ್ಣಿ ಹತ್ತಲಿಲ್ಲ," ಎಂದ. ಅಷ್ಟೇ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದ.

ಆ ಎರಡು ಮಾತಿಗೆ ಎರಡೇ ದಿನದಲ್ಲಿ ಕೈಕಾಲು ಮೂಡಿದವು. ಈರಪ್ಪನ ಎಣ್ಣೆ ಶಂಕ್ರಪ್ಪನ ಹೊಸ ಕಾರನ್ನೇ ತಿಂದಿತಂತೆ. ಅರ್ಧ ಸೀಮೆಎಣ್ಣೆಯಂತೆ. ಬಾಬಾಸಾಬ ಬಿಚ್ಚಿ ನೋಡಿದರೆ ಒಳಗೆಲ್ಲ ಕಾಡಿಗೆಯಂತೆ. ಸ್ವಂತ ಮಾಮಾನನ್ನೇ ಬಿಡದವನು ನಮ್ಮನ್ನು ಬಿಡುತ್ತಾನೆಯೇ? "ನಮ್ಮದ ಎಣ್ಣಿ" ಎಂದು ಈರಪ್ಪನೇ ಊರೆಲ್ಲ ಸಾರಿದ್ದನಲ್ಲ, ಈಗ ಅದೇ ಸಾರಿಕೆ ಅವನ ಕೊರಳಿಗೆ ಬಿತ್ತು. ಫಟಫಟಿಯವರು ಪಂಪಿನ ಮುಂದೆ ನಿಲ್ಲದೆ ಹಾಯತೊಡಗಿದರು. ಟೆಂಪೋದವರು ಪಂಪು ಹತ್ತಿರ ಬಂದಾಗ ಬೇಕೆಂದೇ ಹಾರ್ನು ಹೊಡೆದು ಹೋದರು. ಒಂದು ಸೋಮವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಪೆಟ್ರೋಲಿನ ಪೈಪನ್ನು ಕೊಕ್ಕೆಯಿಂದ ತೆಗೆಯುವ ಪ್ರಸಂಗವೇ ಬರಲಿಲ್ಲವೆಂದು ಪಂಪಿನ ಆಳು ರೇವವ್ವನಿಗೆ ಬಂದು ಹೇಳಿದ.

ರೇವವ್ವ ಗಂಡನಿಗೆ ಊಟಕ್ಕೆ ಬಡಿಸುತ್ತ ಅದನ್ನೆತ್ತಿದಳು.

"ಕಟ್ಟಿ ಮ್ಯಾಲೆ ನಾಕ ಮಂದಿ ಕುಂತಾಗ ಒಂದ ಮಾತ ಹೇಳಿಬಿಡ್ರಿ. ಎಣ್ಣಿದಲ್ಲ ತಪ್ಪು, ನಂದು ಅಂತ."

"ನಾ ಎಲ್ಲಿ ಅವನ ಎಣ್ಣಿ ಕೆಟ್ಟದ್ದು ಅಂದೀನಿ? ಹತ್ತಲಿಲ್ಲ ಅಂದೀನಿ. ಮಂದಿ ಬಾಯಿಗಿ ನಾ ಹೊಣಿಯೇನು?"

"ಅದಕ್ಕ ಬ್ಯಾರೆ ಎಣ್ಣಿ ಬೇಕು ಅಂತ ಮಾಸ್ತರ್ರು ಹೇಳಿದ್ರು, ಮಿಸ್ತ್ರಿ ಹೇಳಿದ. ಗೊತ್ತಿದ್ದೂ ನೀವ ಹಾಕಿದ್ರಿ."

"ಯಾಕ ಹಾಕಿದಿ ಅಂತ ಕೇಳ್ತಾರ ಆವಾಗ. ಏನ್ ಹೇಳ್ಲಿ? ಎತ್ತಿಗಿ ರೂಢಿ ಮಾಡಿಸಿದಂಗ ಕಾರಿಗಿ ರೂಢಿ ಮಾಡಿಸಿದೆ ಅನ್ಲ್ಯಾ? ನಾಳಿ ಸಣ್ಣ ಹುಡುಗ್ರು ಸೈತ ನನ್ನ ಹಿಂದ ಅಂಬಾ ಅಂತಾವ. ಯಾವ ಮಗಾ ಎತ್ತ ಹೊಡ್ಕೊಂಡ ಬರ್ತಾನ ಆಮ್ಯಾಲ ಈ ಮನಿಗಿ?"

"ನಗ್ತಾರ. ಎಂಟ ದಿನ ನಗ್ತಾರ. ಈರನ ಪಂಪ ಮುಳಗತೈತ್ರಿ."

ಶಂಕ್ರಪ್ಪ ತಾಟನ್ನು ದೂರ ತಳ್ಳಿ ಎದ್ದ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು.

ಗುರುವಾರ ಇಳಿಹೊತ್ತಿಗೆ ಗುಡಗೇರಿಯ ಕನಕಪ್ಪ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದಿದ್ದ. ಕೊಳ್ಳುವ ಮೊದಲು ಶಂಕ್ರಪ್ಪ ನೋಡಲಿ ಎಂದು ಮಾರುವವನಿಂದ ಒಂದು ದಿನದ ಮಟ್ಟಿಗೆ ತಂದದ್ದು. ವೆಂಕಣ್ಣ ಮಾಸ್ತರರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಓಣಿಯ ನಾಲ್ಕೈದು ಮಂದಿ ಸುತ್ತ ನಿಂತಿದ್ದರು. ಶಂಕ್ರಪ್ಪ ಎಡಗಡೆಯ ಎತ್ತಿನ ಮೂಗುದಾರ ಹಿಡಿದು, ತುಟಿ ಎತ್ತಿ, ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಎಲ್ಲರೂ ಅವನ ಬಾಯಿಂದ ಬರುವ ಮಾತಿಗೆ ಕಾದಿದ್ದರು. ಆಗಲೇ ಈರಪ್ಪನ ಫಟಫಟಿ ಬಂದು ನಿಂತಿತು.

ಈರಪ್ಪ ಕಟ್ಟೆ ಹತ್ತಿದ. ಕೂಡಲಿಲ್ಲ.

"ಮಾಮಾ, ಮುಂಜಾನೆ ಬಾಬಾಸಾಬನ ಕಡೆ ಹೋಗಿದ್ದೆ."

ಎತ್ತಿನ ಬಾಯಿಯಲ್ಲಿದ್ದ ಶಂಕ್ರಪ್ಪನ ಬೆರಳು ನಿಂತಿತು.

"ಎಲ್ಲಾ ಹೇಳಿದ," ಎಂದ ಈರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕು ದಿನ ನಿದ್ದೆಗೆಟ್ಟವನ ದನಿ ಅದು. "ಅಂವ ಹೇಳಿದ್ದನ್ನ ಇಲ್ಲಿ ನಾ ಹೇಳಂಗಿಲ್ಲ. ನೀವೂ ಎಲ್ಲಾ ಹೇಳೂದ ಬ್ಯಾಡ. ಒಂದ ಮಾತು ಸಾಕು ನನಗ. ಈರಪ್ಪನ ಎಣ್ಣಿ ಕೆಟ್ಟದ್ದಲ್ಲ, ಆ ಗಾಡಿಗಿ ಬ್ಯಾರೆ ಎಣ್ಣಿ ಬೇಕಾಗಿತ್ತು, ಗೊತ್ತಿದ್ದ ನಾನ ಹಾಕಿದೆ. ಇಷ್ಟ ಅನ್ರಿ. ಕನಕಪ್ಪಣ್ಣ ಕೇಳ್ತಾನ, ಸಂತ್ಯಾಗ ಹತ್ತ ಮಂದಿಗಿ ಹೇಳ್ತಾನ. ನನ್ನ ಪಂಪ ಉಳೀತೈತಿ."

ಕನಕಪ್ಪ ಮುಂದೆ ಬಗ್ಗಿದ. "ಗೊತ್ತಿದ್ದೂ ಹಾಕಿದ್ರಾ? ಅದ್ಯಾಕ್ರಿ ಶಂಕ್ರಪ್ಪಣ್ಣ?"

ಅದೊಂದು ಪ್ರಶ್ನೆಯನ್ನು ಕನಕಪ್ಪ ಕೇಳದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಶಂಕ್ರಪ್ಪನ ಬಾಯಿ ತೆರೆದಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ಸುತ್ತ ನಿಂತವರೆಲ್ಲ "ಯಾಕ" ಎನ್ನುವ ಮೋರೆ ಮಾಡಿ ಅವನತ್ತ ತಿರುಗಿದರು. ಅವನ ಕಿವಿಯಲ್ಲಿ ಗ್ಯಾರೇಜಿನ ನಗು ಎದ್ದಿತು.

"ಶಂಕ್ರಪ್ಪಾ," ಎಂದರು ವೆಂಕಣ್ಣ ಮಾಸ್ತರರು, ಪೇಪರು ಮಡಿಸುತ್ತ. "ಆ ಪುಸ್ತಕದೊಳಗ ಇದ್ದದ್ದು ನಾನ ಓದಿ ಹೇಳಿದ್ದೆ ನೋಡು. ಅದರಾಗ ಸ್ಪಷ್ಟ ಬರದದ, ಸಾದಾ ಪೆಟ್ರೋಲ..."

"ಮಾಸ್ತರ, ನೀವ ಸಾಲ್ಯಾಗ ಹೇಳ್ಕೊಡ್ರಿ, ನನ್ನ ಕಟ್ಟಿ ಮ್ಯಾಲೆ ಬ್ಯಾಡ!"

ಮಾಸ್ತರರು ಪೇಪರನ್ನು ಮತ್ತೆ ಬಿಡಿಸಿ ಅದರ ಹಿಂದೆ ಮೋರೆ ಇಟ್ಟರು.

ಶಂಕ್ರಪ್ಪ ಈರಪ್ಪನ ಕಡೆ ತಿರುಗಿದ. ತಿರುಗಿದರೂ ಕಣ್ಣು ಅವನ ಹೆಗಲ ಮೇಲಿನಿಂದ ರಸ್ತೆಯನ್ನು ನೋಡುತ್ತಿತ್ತು. "ಎಣ್ಣಿ ವಿಷಯ ನನಗೇನ ಗೊತ್ತಲೇ? ನಾ ಎತ್ತಿನ ಮನಶ್ಯಾ. ಪಂಪ ನಿಂದು. ಅದರಾಗ ಏನೈತಿ ಏನಿಲ್ಲ, ನಿನಗ ಗೊತ್ತಿರಬೇಕು."

ಕನಕಪ್ಪ ಪಕ್ಕದವನನ್ನು ನೋಡಿದ. ಪಕ್ಕದವನು ಹುಬ್ಬು ಹಾರಿಸಿದ. ಆ ಹುಬ್ಬು ನಾಳೆ ಸಂತೆಯಲ್ಲಿ ಏನು ಹೇಳಲಿದೆ ಎಂಬುದು ಕಟ್ಟೆಯ ಮೇಲಿದ್ದ ಎಲ್ಲರಿಗೂ ತಿಳಿಯಿತು.

ಚಹಾದ ಕಪ್ಪು ಬಸಿ ಹಿಡಿದು ಬಾಗಿಲಿಗೆ ಬಂದಿದ್ದ ರೇವವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇವರಿಗಿ ಗೊತ್ತೈತಿ," ಎಂದಳು. "ನಾ ಹೇಳ್ತೀನಿ ಕೇಳ್ರಿ ಎಲ್ಲಾರೂ. ಇವರ..."

"ಬ್ಯಾಡಕ್ಕ," ಎಂದು ಈರಪ್ಪ ಕೈ ಅಡ್ಡ ಹಿಡಿದ. "ನೀ ಹೇಳಿದ್ರ, ತವರಮನಿ ಕಡೀ ಮಾತಾಡಿದ್ಲು ಅಂತಾರ. ಅದಕ್ಕ ತೂಕ ಇಲ್ಲ. ಅವರ ಬಾಯಿಂದ ಬರಬೇಕಾಗಿತ್ತು."

"ಚಾ ಕುಡಿ ಈರಾ. ಕುಂದರು. ಮಾತಾಡೂಣು."

ಈರಪ್ಪ ಅಕ್ಕನ ಕೈಯಲ್ಲಿದ್ದ ಬಸಿಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ. ಶಂಕ್ರಪ್ಪನ ಎದುರಿಗೆ ಬಂದು ನಿಂತ. ಇಪ್ಪತ್ತೆರಡು ವರ್ಷದ ನಂಟಿನಲ್ಲಿ ಎಷ್ಟು ಜಗಳವಾದರೂ ಅವನು ಮಾಮಾನನ್ನು ಬಹುವಚನ ಬಿಟ್ಟು ಮಾತಾಡಿಸಿರಲಿಲ್ಲ.

"ನಿನಗ ಗೊತ್ತೈತಿ," ಎಂದ.

ಮೆಟ್ಟಿಲಿಳಿದು, ಫಟಫಟಿ ತಿರುಗಿಸಿ, ಹೊರಟುಹೋದ.

"ಸಿಟ್ಟಿನ್ಯಾಗ ಹೋಗ್ಯಾನ," ಎಂದ ಶಂಕ್ರಪ್ಪ ಯಾರಿಗೆಂದಿಲ್ಲದೆ. "ಎಲ್ಲಿ ಹೋಗ್ತಾನ? ನಾಳಿ ಬರ್ತಾನ." ಮತ್ತೆ ಎತ್ತಿನ ಮೂಗುದಾರ ಹಿಡಿದ. "ಕನಕಪ್ಪಾ, ಇದಕ್ಕ ಆರ ಹಲ್ಲ ಆಗ್ಯಾವ. ನಾಕ ಅಂತ ಹೇಳಿದ್ರ ನಂಬಬ್ಯಾಡ."

ಕನಕಪ್ಪ ಹೂಂ ಎಂದ. ರೇವವ್ವ ಬಾಗಿಲಲ್ಲಿ ನಿಂತೇ ಇದ್ದಳು. ಫಟಫಟಿಯ ಸಪ್ಪಳ ಊರ ಅಗಸಿ ದಾಟಿ, ಡಾಂಬರು ರಸ್ತೆ ಸೇರಿ, ಕೇಳದಾಯಿತು. ಅವಳು ಕಪ್ಪಿನೊಳಗಿನ ಚಹಾವನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.

ಮರುದಿನ ಈರಪ್ಪ ಬರಲಿಲ್ಲ. ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಆಳನ್ನು ಕಳಿಸಿದ, ತಾನು ಬರಲಿಲ್ಲ. ಆ ಕಟ್ಟೆಯನ್ನು ಅವನು ಮತ್ತೆ ಹತ್ತಲಿಲ್ಲ.